ಕೂತಾಳು ಪಾಲಯ್ಯ ಎದ್ದ ದಿನ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಹೊನ್ನೂರ್ ಸಾಬರು. ಹೇಳುವಾಗ ಅವರು ವಕೀಲರೊಬ್ಬರ ಹಳೆಯ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಿದ್ದರು. ನಾನು ಕಿಟಕಿಯ ಹೊರಗೆ ಕೋಟೆಗೋಡೆಗೆ ಒರಗಿ ನಿಂತಿದ್ದೆ. ಆಮೇಲೆ ಅದನ್ನೇ ಬೇರೆ ಬೇರೆ ಗಾಡಿಗಳ ಕಿಟಕಿಗಳಿಂದಲೂ ಕೇಳಿದೆ. ಹೇಳಿಕೆಗಳು ಎಲ್ಲಿ ಕವಲೊಡೆಯುತ್ತವೆಯೋ ಅಲ್ಲಿ ಹಾಗೆಂದು ತಿಳಿಸಿದ್ದೇನೆ. ಮಿಕ್ಕಂತೆ ನಾನು ಸೇರಿಸಿದ್ದು ಪೂರ್ಣವಿರಾಮಗಳನ್ನು ಮಾತ್ರ.

ಆ ಊರಿನಲ್ಲಿ ಖಾಲಿ ವಾಹನ ನಿಲ್ಲುವುದಿಲ್ಲ. ಒಳಗೊಬ್ಬ ಮನುಷ್ಯ ಕೂತಿರುವವರೆಗೆ ಕಾರಾಗಲಿ, ಟೆಂಪೋ ಆಗಲಿ, ಮದುವೆಯ ದಿಬ್ಬಣದ ಬಸ್ಸಾಗಲಿ, ನಿಲ್ಲಿಸಿದ ಕಡೆ ಬಂಡೆಯಂತೆ ಇರುತ್ತದೆ. ಕೂತವನು ಇಳಿದು ಬಾಗಿಲು ಹಾಕಿದನೆಂದರೆ, ಎಂಜಿನ್ನಿನ ಸದ್ದಿಲ್ಲದೆ, ಮೇವು ಮುಗಿಸಿದ ಎಮ್ಮೆಯ ಹಾಗೆ ಮೆಲ್ಲಗೆ ಹೊರಟು, ಕೋಟೆಯ ಇಳಿಜಾರಿನ ಓಣಿಗಳಲ್ಲಿ ತಿರುಗಿ ತಿರುಗಿ, ಮೂಡಣ ಬಾಗಿಲಿನ ಬಳಿಯ ದೊಡ್ಡಿಗೆ ಹೋಗಿ ನಿಲ್ಲುತ್ತದೆ. ಹಿಂದೆ ಪರರ ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿ ಅದು. ಹೊರಟ ಗಾಡಿಯ ಬಾಗಿಲು ದೊಡ್ಡಿ ಮುಟ್ಟುವವರೆಗೆ ಯಾರಿಗೂ ತೆರೆಯುವುದಿಲ್ಲ. ಅದು ಎದುರು ಬಂದವರಿಗೆ ದಾರಿ ಬಿಡುವುದೂ ಇಲ್ಲ. ಮಾಲೀಕನ ಕೈಯಲ್ಲಿ ಸಿಕ್ಕ ಸಿಕ್ಕ ಗೋಡೆಗೆ ಉಜ್ಜಿಕೊಳ್ಳುವ ಕಾರು ತಾನಾಗಿ ನಡೆಯುವಾಗ ಮೈಮೇಲೆ ಒಂದು ಗೆರೆಯನ್ನೂ ಮಾಡಿಕೊಳ್ಳುವುದಿಲ್ಲ ಎಂಬ ಸಂಗತಿಯನ್ನು ಊರಿನ ಹೆಂಗಸರು ಮಾಲೀಕರ ಎದುರಿನಲ್ಲೇ ಮತ್ತೆ ಮತ್ತೆ ಹೇಳುತ್ತಾರೆ. ದೊಡ್ಡಿ ಸೇರಿದ ಗಾಡಿಯನ್ನು ಬಿಡಿಸಿಕೊಳ್ಳಲು ಮಾಲೀಕನೇ ಖುದ್ದಾಗಿ, ನಡೆದೇ ಹೋಗಬೇಕು. ಗುಮಾಸ್ತನನ್ನೋ ಭಾಮೈದನನ್ನೋ ಕಳಿಸಿದರೆ ದೊಡ್ಡಿ ಕಾಯುವ ಕೆಂಚಮ್ಮ ಬೀಗ ತೆಗೆಯುವುದಿಲ್ಲ.

ಹೀಗಾಗಿ ಆ ಊರಿನಲ್ಲಿ ಕೂರುವುದು ಒಂದು ವೃತ್ತಿ. ಪರರ ಗಾಡಿಯಲ್ಲಿ ಕೂರುವವನನ್ನು ಕೂತಾಳು ಎನ್ನುತ್ತಾರೆ. ಕೋರ್ಟಿನ ಮುಂದೆ, ಆಸ್ಪತ್ರೆಯ ಮುಂದೆ, ಸೀರೆ ಅಂಗಡಿಯ ಮುಂದೆ ಸಾಲಾಗಿ ನಿಂತ ಗಾಡಿಗಳಲ್ಲಿ ಅವರು ಕಿಟಕಿಯಿಂದ ಕಿಟಕಿಗೆ ಎಲೆ ಅಡಿಕೆ ದಾಟಿಸುತ್ತ, ಸುದ್ದಿ ದಾಟಿಸುತ್ತ ದಿನ ಕಳೆಯುತ್ತಾರೆ. ಆ ಊರಿನ ಕಥೆಗಳೆಲ್ಲ ಉಳಿದಿರುವುದು ಅಲ್ಲಿಯೇ. ಕೂತಾಳನ್ನು ಇಟ್ಟುಕೊಳ್ಳಲಾಗದವರು ಮನೆಯ ಹಿರಿಯರನ್ನು ಕರೆದುಕೊಂಡು ಹೊರಡುತ್ತಾರೆ. ಅಲ್ಲಿ ಮುದುಕರಿಗೆ ಸಿಗುವ ಮರ್ಯಾದೆ ನಾನು ಬೇರೆಲ್ಲೂ ಕಂಡಿಲ್ಲ. ಕಾರಿಲ್ಲದ ಮನೆಗಳಲ್ಲಿ ಮಾತ್ರ ಅದು ಎಂದಿನಂತೆಯೇ ಇದೆ. ಈ ವ್ಯವಸ್ಥೆಯಿಂದ ಕಿಂಚಿತ್ತೂ ಬದಲಾಗದವರೆಂದರೆ ಆಟೋದವರು. ಅವರು ಮೊದಲಿನಿಂದಲೂ ಆಟೋದೊಳಗೇ ಕಾಲು ಚಾಚಿ ಮಲಗಿರುತ್ತಿದ್ದರು, ಕರೆದ ಕಡೆ ಬರುವುದಿಲ್ಲ ಎನ್ನುತ್ತಿದ್ದರು. ಈಗ ಅದಕ್ಕೊಂದು ಕಾರಣ ದೊರಕಿದೆ, ಅಷ್ಟೆ.

ನಗರಸಭೆ ಕೈಕಟ್ಟಿ ಕೂತಿರಲಿಲ್ಲ. ವಾಹನ ನಿಲುಗಡೆ ಸುಧಾರಣಾ ಸಮಿತಿಯೊಂದನ್ನು ರಚಿಸಿತು. ಸಮಿತಿಯವರು ಮೊದಲು ಬಟ್ಟೆ ಅಂಗಡಿಯ ಗೊಂಬೆಗಳನ್ನು ಕಾರುಗಳಲ್ಲಿ ಕೂರಿಸಿ ನೋಡಿದರು. ಕಾರುಗಳು ಗೊಂಬೆಗಳನ್ನು ಹೊತ್ತುಕೊಂಡೇ ದೊಡ್ಡಿಗೆ ಹೋದವು. ಆಡು ಕಟ್ಟಿ ನೋಡಿದರು. ಆಡು ಸೀಟು ತಿಂದಿತು. ಅಧ್ಯಕ್ಷರ ಭಾವಚಿತ್ರವನ್ನು ಇಟ್ಟು ನೋಡಿದಾಗ ಗಾಡಿ ಎಂದಿಗಿಂತ ತುಸು ಬೇಗ ಹೊರಟಿತೆಂದು ಹೊನ್ನೂರ್ ಸಾಬರು ಹೇಳುತ್ತಾರೆ. ಇದು ಬೇರೆ ಯಾರ ಹೇಳಿಕೆಯಲ್ಲೂ ಇಲ್ಲ. ನಿದ್ದೆ ಹೋದವರನ್ನೂ ಗಾಡಿಗಳು ಒಪ್ಪುತ್ತವೆ. ಸತ್ತವರನ್ನು ಒಪ್ಪುವುದಿಲ್ಲ. ಸಂತೆಪೇಟೆಯ ಜವಳಿ ವ್ಯಾಪಾರಿಯೊಬ್ಬರ ಕಾರು ಒಂದು ಮಧ್ಯಾಹ್ನ, ಒಳಗೆ ಕೂತಿದ್ದ ಅವರ ತಂದೆಯನ್ನು ಕರೆದುಕೊಂಡೇ ಹೊರಟಿತಂತೆ. ಓಣಿಯವರು ಅದನ್ನು ನೋಡಿ ಅಲ್ಲಲ್ಲೇ ಎದ್ದು ನಿಂತು ಕೈ ಮುಗಿದರಂತೆ.

"ಡಾಕ್ಟ್ರಿಗಿಂತ ಮೊದ್ಲು ಕಾರಿಗೆ ಗೊತ್ತಾಗೋದು ಸಾರ್," ಎಂದರು ಹೊನ್ನೂರ್ ಸಾಬರು. "ಅದ್ಕೆ ನಮ್ಮೋರು ಸಂಜೆ ಮನೆಗೆ ಹೋದ್ರೆ ಹೆಂಡ್ರು ಕೇಳೋದು, ಗಾಡಿ ನಿಂತಿತ್ತಾ ಅಂತ. ನಿಂತಿತ್ತು ಅಂದ್ರೆ, ಸರಿ, ಉಂಡು ಮಲ್ಗು."

ಕಥೆಯ ನಾಯಕ ಪಾಲಯ್ಯ ಇಂಥ ಕೂತಾಳು. ಅವನ ಅಪ್ಪ ಡಾಕ್ಟರೊಬ್ಬರ ಕುದುರೆಗಾಡಿಯಲ್ಲಿ ಕೂತಿದ್ದ, ಇವನು ಅದೇ ಮನೆಯ ಕಾರಿನಲ್ಲಿ ಕೂತ. ಅವನು ಕೂತ ಗಾಡಿ ಒಮ್ಮೆಯೂ ದೊಡ್ಡಿ ಕಂಡಿರಲಿಲ್ಲ. ಬದಲಿಯವನು ಬಂದು ಪಕ್ಕದಲ್ಲಿ ಕೂರುವವರೆಗೆ ಏಳಬಾರದೆಂಬುದು ಕೂತಾಳುಗಳ ಕಟ್ಟಳೆ. ಪಾಲಯ್ಯ ಅದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದನೆಂದರೆ, ಮಗಳು ಹುಟ್ಟುವಾಗ ಹೆರಿಗೆ ಆಸ್ಪತ್ರೆಯ ಮುಂದೆಯೇ ಡಾಕ್ಟರ ಕಾರಿನಲ್ಲಿದ್ದರೂ ಒಳಗೆ ಹೋಗಲಿಲ್ಲ. ಮಗುವಿನ ಮೊದಲ ಅಳುವನ್ನು ಕಾರಿನ ಕಿಟಕಿಯಿಂದ ಕೇಳಿಸಿಕೊಂಡ. ಮಗಳು ಶಾಲೆಗೆ ಸೇರಿದ್ದನ್ನು ಶಾಲೆಯ ಗೇಟಿನ ಹೊರಗಿನಿಂದ ನೋಡಿದ. ಆ ಊರಿನ ಎಲ್ಲ ಬಾಗಿಲುಗಳ ಮುಂದೆಯೂ ಕೂತವನು ಅವನು. ಯಾವ ಬಾಗಿಲಿನ ಒಳಗೂ ಹೋದವನಲ್ಲ. ಮಗಳ ಹೆಸರು ದ್ರಾಕ್ಷಾಯಣಿ. ಅವಳು ಚಿಕ್ಕವಳಿದ್ದಾಗ, "ಎಲ್ರ ಅಪ್ಪಂದಿರೂ ಒಳಗೆ ಬರ್ತಾರೆ, ನೀನ್ಯಾಕೆ ಬರಲ್ಲ?" ಎಂದು ಅತ್ತಾಗ ಅವನೊಂದು ಮಾತು ಕೊಟ್ಟಿದ್ದ: "ನಿನ್ನ ಧಾರೆ ದಿನ ಎದ್ದು ಒಳಗೆ ಬರ್ತೀನಿ ಕಣವ್ವಾ. ಅವತ್ತು ಯಾರ ಗಾಡಿ ಆದ್ರೂ ಎಲ್ಲಿಗಾದ್ರೂ ಹೋಗ್ಲಿ."

ದ್ರಾಕ್ಷಾಯಣಿಯನ್ನು ತನ್ನ ಮಗ ಕೊಟ್ರೇಶನಿಗೆ ತಂದುಕೊಳ್ಳಲು ಮುಂದೆ ಬಂದವರು ಜಂಬಣ್ಣನವರು. ನಿಲುಗಡೆ ಸಮಿತಿಯ ಅಧ್ಯಕ್ಷರೆಂದರೆ ಇವರೇ. ಹುಡುಗ ಹುಡುಗಿ ಮೊದಲೇ ಒಬ್ಬರನ್ನೊಬ್ಬರು ಮೆಚ್ಚಿದ್ದರೆಂದು ಹೆಂಗಸರ ಹೇಳಿಕೆ. ಗಂಡಸರ ಹೇಳಿಕೆಗಳಲ್ಲಿ ಅದರ ಪ್ರಸ್ತಾಪವೇ ಇಲ್ಲ. ಮಾತುಕತೆಯ ದಿನ ಜಂಬಣ್ಣನವರು, "ನನಗೆ ವರದಕ್ಷಿಣೆ ಬೇಡ, ವರೋಪಚಾರ ಬೇಡ," ಎಂದು ಘೋಷಿಸಿದಾಗ ಸೇರಿದ್ದವರು ಚಪ್ಪಾಳೆ ತಟ್ಟಿದರು. ಊರಿನ ಪತ್ರಿಕೆ ಅವರ ಫೋಟೋ ಹಾಕಿ ಸಮಾಜ ಸುಧಾರಕರೆಂದು ಬರೆಯಿತು. ಚಪ್ಪಾಳೆ ನಿಂತ ಮೇಲೆ ಅವರು ಪಾಲಯ್ಯನ ಕಿವಿಯಲ್ಲಿ ಹೇಳಿದ ಮಾತನ್ನು ಪತ್ರಿಕೆ ಬರೆಯಲಿಲ್ಲ.

"ಬೀಗರಾದ ಮೇಲೆ ನೀವು ಪರರ ಗಾಡಿಯಲ್ಲಿ ಕೂರೋದು ನಮಗೆ ಶೋಭೆಯಲ್ಲ ನೋಡಿ. ಇನ್ನು ನಮ್ಮ ಗಾಡಿಯಲ್ಲೇ ಕೂತುಬಿಡಿ. ಮನೆಯವರಿಗೆ ಸಂಬಳ ಅಂತ ಕೊಟ್ಟರೆ ತಪ್ಪಾಗುತ್ತೆ, ಅದರ ಮಾತು ಬೇಡ."

ಪಾಲಯ್ಯ ತಲೆಯಾಡಿಸಿದ. "ಆದ್ರೆ ಧಾರೆ ಹೊತ್ತಿಗೆ ನನ್ನ ಬಿಡ್ಬೇಕು ಬೀಗರೇ. ಮಗಳಿಗೆ ಮಾತು ಕೊಟ್ಟೀನಿ."

"ಅದೆಂಥ ಮಾತು! ಅಧ್ಯಕ್ಷನ ಕಾರಿಗೆ ಬದಲಿ ಕೂತಾಳು ಸಿಗೋದಿಲ್ಲವೇ?" ಎಂದರು ಜಂಬಣ್ಣನವರು.

ಅದೇ ವರ್ಷ ಸಮಿತಿ ತನ್ನ ಮಹಾಸಾಧನೆಯಾದ ನಿಲುಗಡೆ ಸೌಧವನ್ನು ಕಟ್ಟಿ ಮುಗಿಸಿತ್ತು. ಪಾಳೆಯಗಾರರ ಕಾಲದ ಕುದುರೆಲಾಯವನ್ನು ಪಾರಂಪರಿಕ ಸೌಂದರ್ಯ ಉಳಿಸುವ ಸಲುವಾಗಿ ಕೆಡವಿ, ಅದರ ಕಲ್ಲುಗಳಿಂದಲೇ ಕೋಟೆಯ ನೆತ್ತಿಯಲ್ಲಿ ಕಟ್ಟಿದ ಕಟ್ಟಡವದು. ಒಂದೊಂದು ಗಾಡಿಯ ಜಾಗದಲ್ಲೂ ಕೂತಾಳಿಗೆಂದು ಒಂದು ಫ್ಯಾನು, ಒಂದು ಮಡಕೆ ನೀರು. ಅಲ್ಲಿಗೆ ಹತ್ತುವ ಓಣಿ ಒಂದು ಗಾಡಿಯಷ್ಟೇ ಅಗಲವಿದ್ದುದರಿಂದ ಮೇಲೆ ಹೋದ ಗಾಡಿಗಳೆಲ್ಲ ಇಳಿದ ಮೇಲೆಯೇ ಬೇರೆ ಗಾಡಿಗಳು ಹತ್ತಬೇಕಿತ್ತು. ಇದನ್ನು ಸಮಿತಿ ಏಕಮುಖ ಸಂಚಾರ ಎಂದು ಕರೆಯಿತು. ಉದ್ಘಾಟನೆಗೆ ರಾಜಧಾನಿಯಿಂದ ಮಂತ್ರಿಯೊಬ್ಬರು ಬರುವುದೆಂದಾಯಿತು. ಅವರ ಜೊತೆಗೆ ಬರುವ ಗಾಡಿಗಳ ಸಾಲು ದೊಡ್ಡಿಗೆ ಹೋಗಿಬಿಟ್ಟರೆ ಮಾನ ಉಳಿಯುವುದಿಲ್ಲವೆಂದು ಜಂಬಣ್ಣನವರು, ಆ ದಿನ ಊರಿನ ಸಮಸ್ತ ಕೂತಾಳುಗಳೂ ಬೆಳಗಿನಿಂದಲೇ ಸೌಧದಲ್ಲಿ ಸಿದ್ಧರಿರತಕ್ಕದ್ದು ಎಂದು ಆಜ್ಞೆ ಹೊರಡಿಸಿದರು. ಮಂತ್ರಿಗಳು ತಮ್ಮ ಅನುಕೂಲ ನೋಡಿ ದಿನ ಬದಲಿಸಿದರು. ಬದಲಿಸಿದ ದಿನ ಕೊಟ್ರೇಶನ ಮದುವೆಯ ದಿನವೇ ಆಗಿತ್ತು. ಜಂಬಣ್ಣನವರಿಗೆ ಇದು ಮಹಾಭಾಗ್ಯವಾಗಿ ಕಂಡಿತು: ಉದ್ಘಾಟನೆ ಮುಗಿಸಿದ ಮಂತ್ರಿಗಳು ಮದುವೆಯ ಊಟಕ್ಕೂ ಬರಬಹುದು. ತಮ್ಮ ಆಜ್ಞೆ ತಮ್ಮ ಕಾರಿಗೂ ಅನ್ವಯಿಸುತ್ತದೆ ಎಂಬುದು ಅವರಿಗೆ ಹೊಳೆದದ್ದು ಛತ್ರದ ಮುಂದೆ ಕಾರು ನಿಲ್ಲಿಸಿದ ಮೇಲೆ.

ಆ ಊರಿನ ಮದುವೆಗಳಲ್ಲಿ ಬಂಧುಗಳಲ್ಲಿ ಅರ್ಧ ಜನ ಒಳಗೂ ಅರ್ಧ ಜನ ಹೊರಗೂ ಇರುವುದು ಸಾಮಾನ್ಯ. ಪಾನಕವನ್ನು ಮೊದಲು ಗಾಡಿಗಳಿಗೆ ಹಂಚಿ ಆಮೇಲೆ ಒಳಗೆ ತರುತ್ತಾರೆ. ಆ ದಿನ ಪಾಲಯ್ಯನ ಹೊರತು ಕೂತಾಳುಗಳು ಯಾರೂ ಇಲ್ಲದ್ದರಿಂದ ಅಜ್ಜಿಯರು, ಅತ್ತೆಯರು, ಮುನಿಸಿಕೊಂಡ ಭಾವಂದಿರು ಎಲ್ಲ ಗಾಡಿಗಳಲ್ಲೇ ಉಳಿದು, ಛತ್ರದ ಒಳಗೆ ವಾಲಗದವರೇ ಹೆಚ್ಚಾಗಿ ಕಾಣುತ್ತಿದ್ದರು. ಪಾಲಯ್ಯ ಹೊಸ ಪಂಚೆ ಉಟ್ಟು, ಹೆಗಲಿಗೆ ಜರಿಯಂಚಿನ ಶಲ್ಯ ಹಾಕಿ, ಬೀಗರ ಕಾರಿನಲ್ಲಿ ನೆಟ್ಟಗೆ ಕೂತಿದ್ದ. ಒಳಗೆ ಗಟ್ಟಿಮೇಳದವರು ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು. ಬದಲಿಯವನು ಬರಲಿಲ್ಲ.

ಪುರೋಹಿತರು ಹೊಸ್ತಿಲಿಗೆ ಬಂದು, "ಹೆಣ್ಣಿನ ತಂದೆ ಎಲ್ಲಿ? ಮುಹೂರ್ತ ಹತ್ತಿರ ಬಂತು," ಎಂದರು.

ಜಂಬಣ್ಣನವರು ಕಾರಿನ ಬಳಿಗೆ ಬಂದು, ಅತಿ ವಿನಯದಿಂದ ಬಗ್ಗಿ, "ಬೀಗರೇ, ಒಂದು ಸಣ್ಣ ತೊಡಕು. ಕೂತಾಳುಗಳೆಲ್ಲ ಮೇಲಿದ್ದಾರೆ. ನೀವು ಕೂತೇ ಇರಿ, ನಿಮ್ಮ ತಮ್ಮ ಧಾರೆ ಎರೆಯಲಿ. ಶಾಸ್ತ್ರದಲ್ಲಿ ಅವಕಾಶವಿದೆ," ಎಂದರು.

"ಯಾರಾದ್ರೂ ಒಂದ್ ಗಳಿಗೆ ಕೂತ್ಕೊಂಡ್ರೆ ಸಾಕು ಬೀಗರೇ," ಎಂದ ಪಾಲಯ್ಯ.

ಜಂಬಣ್ಣನವರು ಸುತ್ತ ನೋಡಿದರು. ಅವರ ಷಡ್ಡಕರು ತಮಗೆ ಸೊಂಟನೋವೆಂದರು. ನಗರಸಭೆಯ ಸದಸ್ಯರೊಬ್ಬರು, "ಪರರ ಗಾಡೀಲಿ ಕೂತೆ ಅಂತ ನಾಳೆ ವಾರ್ಡಿನೋರು ಆಡಿಕೊಂಡ್ರೆ?" ಎಂದು ಜೇಬಿನಿಂದ ಫೋನು ತೆಗೆದು, ಯಾರೂ ಕರೆ ಮಾಡದಿದ್ದರೂ ಕಿವಿಗಿಟ್ಟುಕೊಂಡರು. ಬಾಸಿಂಗ ಕಟ್ಟಿಕೊಂಡು ಮದುಮಗ ಕೊಟ್ರೇಶನೇ ಹೊರಬಂದು, "ನಾನೇ ಕೂರ್ತೀನಿ, ಮಾವ ಒಳಗೆ ಹೋಗ್ಲಿ," ಎಂದಾಗ ಪುರೋಹಿತರು, "ಆಗ ಅವರು ಧಾರೆ ಎರೆದು ಕೊಡೋದು ಯಾರಿಗಪ್ಪಾ, ನನಗಾ?" ಎಂದು ಅವನನ್ನು ತೋಳು ಹಿಡಿದು ಒಳಗೆ ಕರೆದೊಯ್ದರು. ಒಂದು ಸಂಗತಿ ಮಾತ್ರ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಹೇಳುವ ಕೂತಾಳುಗಳು ಇಲ್ಲಿಗೆ ಬಂದಾಗ ಕೇಳುವವನ ಮುಖ ನೋಡುತ್ತಾರೆ, ಅವನೇ ಅದನ್ನು ಹೇಳಲಿ ಎಂದು. ನನಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ದ್ರಾಕ್ಷಾಯಣಿ ಹೊರಗೆ ಬಂದಳು. ಹಣೆಯಲ್ಲಿ ಬಾಸಿಂಗ, ಕೈಯಲ್ಲಿ ಹಾರ, ಹಿಂದೆ ಅವಳ ಸೆರಗನ್ನು ಹಿಡಿದು ಎಳೆಯುತ್ತಿದ್ದ ಸೋದರತ್ತೆ. ನೇರ ಕಾರಿನ ಬಳಿಗೆ ಬಂದು ಕಿಟಕಿಯಲ್ಲಿ ಮುಖವಿಟ್ಟಳು.

"ಅಪ್ಪಾ, ಏಳು."

"ಎದ್ರೆ ಗಾಡಿ ಹೊರಟೋಯ್ತದೆ ಕಣವ್ವಾ. ನಾನು ಕೂತ ಗಾಡಿ ಇವತ್ತಿನ ತಂಕ ಹೋಗಿಲ್ಲ. ಅದೂ ನಿನ್ನ ಮಾವನೋರ ಗಾಡಿ. ನಾಳೆ ನೀನು ಆ ಮನೇಲಿ ಬಾಳ್ಬೇಕು."

"ನಾನೂ ಇವತ್ತು ಹೊರಡೋಳೇ ಅಲ್ವೇನಪ್ಪಾ," ಎಂದಳು ಅವಳು. "ಯಾರನ್ನ ಕಳಿಸಿಕೊಡ್ತೀಯ, ನೋಡ್ಕೋ."

ಪಾಲಯ್ಯ ಬಾಗಿಲು ತೆರೆದು ಇಳಿದ. ಇಳಿದು, ಅಭ್ಯಾಸಬಲದಿಂದ, ಬಾಗಿಲನ್ನು ಮೆತ್ತಗೆ ಹಾಕಿ ಹಿಡಿಕೆಯನ್ನು ಶಲ್ಯದ ಅಂಚಿನಿಂದ ಒರೆಸಿದ. ಮಗಳ ಕೈ ಹಿಡಿದುಕೊಂಡು, ಎಡವಿದರೆ ಎಂಬ ಭಯದಿಂದ ನೆಲ ನೋಡುತ್ತ, ಛತ್ರದ ಹೊಸ್ತಿಲು ದಾಟಿದ. ಅವನ ಬೆನ್ನ ಹಿಂದೆ ಕಾರು ಹೊರಟಿತು.

"ಅಯ್ಯೋ, ಹಿಡೀರೋ!" ಎಂದು ಜಂಬಣ್ಣನವರು ಕೂಗಿದರು. ಹಿಡಿಯುವುದು ಸಾಧ್ಯವಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು! ಆದರೆ ಆ ಹೊತ್ತಿಗೆ ಕೆಳಗಿನ ಓಣಿಯಲ್ಲಿ ಮಂತ್ರಿಗಳ ಗಾಡಿಗಳ ಸಾಲು ಹತ್ತಿ ಬರುತ್ತಿತ್ತು. ಜಂಬಣ್ಣನವರ ಕಾರು ಅದೇ ಓಣಿಗೆ ಇಳಿಯುತ್ತಿತ್ತು. ರೇಷ್ಮೆ ಪಂಚೆಯನ್ನು ಮೊಣಕಾಲಿಗೆತ್ತಿ ಅವರು ಕಾರಿನ ಹಿಂದೆ ಓಡಿದರು. ಓಡುತ್ತ ಪುರೋಹಿತರ ಕಡೆ ತಿರುಗಿ, "ನಾನು ಬರುವ ತನಕ ತಡೀರಿ!" ಎಂದರು. ಪುರೋಹಿತರು ಶಾಂತವಾಗಿ, "ಗಂಡಿನ ತಂದೆಗೆ ಇಲ್ಲಿ ಅಂಥ ಕೆಲಸವೇನೂ ಇಲ್ಲ. ನೀವು ಹೋಗಿ ಬನ್ನಿ," ಎಂದು ಗಟ್ಟಿಮೇಳಕ್ಕೆ ಕೈ ಸನ್ನೆ ಮಾಡಿದರು.

ಕಾರು ಮಂತ್ರಿಗಳ ಗಾಡಿಗೆ ಮುಖಾಮುಖಿಯಾಗಿದ್ದು ಅರಳಿಕಟ್ಟೆಯ ತಿರುವಿನಲ್ಲಿ. ಪೊಲೀಸರು ಸೀಟಿ ಊದಿದರು, ಕಾರು ಬರುತ್ತಲೇ ಇತ್ತು. ಸೈರನ್ನು ಹಾಕಿದರು, ಕಾರು ಬರುತ್ತಲೇ ಇತ್ತು. ಕೊನೆಗೆ ಸಾಲಿಗೆ ಸಾಲೇ ಹಿಮ್ಮುಖವಾಗಿ ಇಳಿಯಲು ಮೊದಲು ಮಾಡಿತು. ಅಧಿಕಾರಿಗಳು ಬೆವರಿದರು. ಮಂತ್ರಿಗಳು ಮಾತ್ರ ಕಿಟಕಿಯಿಂದ ತಲೆ ಹೊರಹಾಕಿ, ಕಣ್ಣರಳಿಸಿ, ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಜಂಬಣ್ಣನವರನ್ನು ಕೇಳಿದರು:

"ಏನ್ರೀ ಅಧ್ಯಕ್ಷರೇ, ಡ್ರೈವರೇ ಇಲ್ಲದ ಕಾರು! ನಮ್ಮ ರಾಜಧಾನಿಯಲ್ಲೇ ಇಂಥದ್ದು ಬಂದಿಲ್ಲ. ನಿಮ್ಮ ಹೊಸ ಯೋಜನೆಯೋ?"

ಜಂಬಣ್ಣನವರು ಕೈ ಮುಗಿದು, "ಹೌದು ಸ್ವಾಮಿ. ಪ್ರಾಯೋಗಿಕ ಹಂತದಲ್ಲಿದೆ," ಎಂದರು.

"ಅದಕ್ಕೆ ನೀವೇ ಹಿಂದೆ ನಡೆದು ಪರೀಕ್ಷೆ ಮಾಡ್ತಿದ್ದೀರಿ. ಭೇಷ್! ಮಗನ ಮದುವೆಯ ದಿನವೂ ಕರ್ತವ್ಯ!" ಎಂದು ಮಂತ್ರಿಗಳು ಕಿಟಕಿಯಿಂದಲೇ ಅವರ ಕೊರಳಿಗೆ ತಮ್ಮ ಹಾರ ಹಾಕಿದರು. ಹೊಗಳಿಸಿಕೊಂಡವರು ಕಾರನ್ನು ಬಿಟ್ಟು ನಿಲ್ಲುವಂತಿರಲಿಲ್ಲ. ದೊಡ್ಡಿಯವರೆಗೂ, ಊರವರೆಲ್ಲ ಮನೆಯ ಮೆಟ್ಟಿಲುಗಳ ಮೇಲೆ ನಿಂತು ನೋಡುತ್ತಿರುವಾಗ, ಕೊರಳಲ್ಲಿ ಹಾರ ಹಾಕಿಕೊಂಡು, ದನ ಹೊಡೆದುಕೊಂಡು ಹೋಗುವವರ ಹಾಗೆ ಅವರು ತಮ್ಮ ಕಾರಿನ ಹಿಂದೆ ನಡೆದರು. ಮೇಲಿನಿಂದ ಗಟ್ಟಿಮೇಳ ಕೇಳಿಸಿತು. ಅವರು ಒಂದು ಕ್ಷಣ ನಿಂತರೆಂದೂ, ಕೈಯಲ್ಲಿದ್ದ ಅಕ್ಷತೆಯನ್ನು ಎತ್ತ ಎಸೆಯಬೇಕೆಂದು ತೋಚದೆ ಕಾರಿನ ಮೇಲೆ ಎಸೆದರೆಂದೂ ಹೊನ್ನೂರ್ ಸಾಬರು ಹೇಳುತ್ತಾರೆ.

ದೊಡ್ಡಿಯಲ್ಲಿ ಕೆಂಚಮ್ಮ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲಿನ ಮೇಲೆ ಕೂತಿದ್ದಳು. ಕಾರು ಒಳಗೆ ಹೋಗಿ ಒಂದು ಹಳೆಯ ಗೋದಲೆಯ ಮುಂದೆ ನಿಂತಿತು. ಬಿಡಿಸಿಕೊಳ್ಳಲು ಬಂದವರೆಲ್ಲರನ್ನೂ ಕೇಳುವಂತೆ ಅವಳು ಅಧ್ಯಕ್ಷರನ್ನೂ ಕೇಳಿದಳು.

"ಯಾರಪ್ಪಾ ಕೂತಿದ್ದೋರು?"

"ನಮ್ಮ ಬೀಗರು."

"ಎದ್ದು ಎಲ್ಲಿಗೋದ್ರು?"

"ಮಗಳಿಗೆ ಧಾರೆ ಎರೆಯೋದಕ್ಕೆ."

"ಹೋಗ್ಬೇಕಾದ ಕಡೆಗೇ ಹೋಗವ್ರೆ. ನೀವು ಎಲ್ಲಿದ್ರಿ ಆಗ?"

"ಅಲ್ಲೇ. ಕಾರಿನ ಪಕ್ಕದಲ್ಲೇ ನಿಂತಿದ್ದೆ."

ಕೆಂಚಮ್ಮ ಅವರನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. "ನಿಂತಿದ್ರಾ?" ಎಂದಳು. "ಯಪ್ಪಾ, ನಿಮ್ದೇ ಕಾರು. ಕೂರಾಕೇನಾಗಿತ್ತು?"

ಇಲ್ಲಿಗೆ ಹೊನ್ನೂರ್ ಸಾಬರು ಬಾಯ್ತುಂಬ ನಕ್ಕರು. ಸಾಲಿನಲ್ಲಿದ್ದ ಗಾಡಿಗಳಿಂದೆಲ್ಲ ನಗು ಕೇಳಿಸಿತು. ಅಷ್ಟೂ ಕಿಟಕಿಗಳು ಕಥೆ ಕೇಳಿಸಿಕೊಳ್ಳುತ್ತಿದ್ದವೆಂದು ನನಗೆ ಆಗಲೇ ತಿಳಿದದ್ದು.

ಮೇಲುಪೇಟೆಯ ದೊಡ್ಡ ಮನೆಗಳಲ್ಲಿ ಈ ಕಥೆಯನ್ನು ಬೇರೆ ರೀತಿ ಮುಗಿಸುತ್ತಾರೆ. ಆ ವರ್ಷದಿಂದ ಊರಿನಲ್ಲಿ ಧಾರೆ ಮುಗಿಯುವವರೆಗೆ ಗಂಡಿನ ತಂದೆ ತನ್ನ ಕಾರಿನಲ್ಲಿ ತಾನೇ ಕೂರುವ ಪದ್ಧತಿ ಬಂತು. ಅದಕ್ಕೆ ಅವರು ಬೀಗರ ಪೀಠ ಎನ್ನುತ್ತಾರೆ. ಸೀಟಿಗೆ ಜಮಖಾನೆ ಹಾಸಿ, ಕೂತವರಿಗೆ ಬೆಳ್ಳಿ ಲೋಟದಲ್ಲಿ ಪಾನಕ ಕೊಟ್ಟು, ಇದು ಪಾಳೆಯಗಾರರ ಕಾಲದಿಂದಲೂ ನಡೆದುಬಂದ ಗೌರವವೆಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ನಾನು ಜಂಬಣ್ಣನವರ ಮನೆಗೇ ಹೋಗಿ ವಿಚಾರಿಸಿದೆ. ಆ ಪದ್ಧತಿಯನ್ನು ಜಾರಿಗೆ ತಂದವರು ತಾವೇ ಎಂದು ಅವರು ಹೆಮ್ಮೆಯಿಂದ ಹೇಳಿದರು. ಕಾರಿನಲ್ಲಿ ಈಗ ಯಾರು ಕೂರುತ್ತಾರೆಂದು ಕೇಳಿದೆ. "ಸೊಸೆಗೆ ಡ್ರೈವಿಂಗ್ ಕಲಿಸಿದ್ದೇವೆ. ಅವಳು ಕರೆದುಕೊಂಡು ಹೋಗುತ್ತಾಳೆ, ನಾನು ಜೊತೆಗಿರುತ್ತೇನೆ," ಎಂದರು. ಕೂರುತ್ತೇನೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ಕೂತಾಳುಗಳ ಮುಕ್ತಾಯ ಇನ್ನೊಂದು. ಅವರಿಗೆ ಕಥೆ ಮುಗಿಯುವುದು ದೊಡ್ಡಿಯಲ್ಲಲ್ಲ, ಛತ್ರದ ಊಟದ ಮನೆಯಲ್ಲಿ. ಧಾರೆಯ ನೀರು ಇನ್ನೂ ಆರದ ಕೈಯಲ್ಲಿ ಪಾಲಯ್ಯ ಮೊದಲ ಪಂಕ್ತಿಗೆ ಬಂದ. ಬಾಗಿಲಿನ ಕಡೆ ಮುಖಮಾಡಿ ಹಾಕಿದ್ದ ಎಲೆಯನ್ನು ತೋರಿಸಿ ಯಾರೋ, "ಇಲ್ಲಿ ಕೂತ್ಕೋ ಪಾಲಯ್ಯ, ಹೊರಗೆ ಗಾಡಿ ಕಾಣ್ತವೆ," ಎಂದರು. ಅವನು ಆ ಎಲೆಯನ್ನು ದಾಟಿ ಎದುರು ಸಾಲಿಗೆ ಹೋದ. ಊರಿನ ಒಂದು ಬಾಗಿಲಿನ ಕಡೆಗೂ ತಿರುಗಿ ನೋಡದೆ, ಎಲ್ಲ ಬಾಗಿಲುಗಳಿಗೂ ಬೆನ್ನು ಹಾಕಿ, ಚಕ್ಕಳಮಕ್ಕಳ ಹಾಕಿಕೊಂಡು ಕೂತ. ಬಡಿಸುವವರು ಬಂದು, "ಪಾಯಸ ಇನ್ನೊಂಚೂರು?" ಎಂದರೆ, "ಹಾಕ್ರಪ್ಪಾ," ಎಂದ, "ನನಗೇನು ಏಳೋ ಆತುರ ಇಲ್ಲ."